76,500 ಕ್ಯುಸೆಕ್‌ಗೆ ನಿಂತ ಸೇತುವೆ 65,000ಕ್ಕೆ ಯಾಕೆ ಬಿತ್ತು: ಮೂರು ವಾರಾಂತ್ಯದ ಲೆಕ್ಕ

ಎರಡು ಅಂಕಿಗಳಿಂದ ಶುರುವಾದ ಕೆಲಸ ಇದು. 1955ರ ಅಕ್ಟೋಬರ್ 16ರಂದು ನ್ಯೂಯಾರ್ಕ್ ರಾಜ್ಯದ ಸ್ಕೋಹ್ಯಾರಿ ಎಂಬ ಹೊಳೆಯಲ್ಲಿ 76,500 ಕ್ಯುಸೆಕ್ ನೀರು ಬಂತು. ಅದರ ಮೇಲಿನ ಹೆದ್ದಾರಿ ಸೇತುವೆ ಓಡಾಟಕ್ಕೆ ತೆರೆದು ಆಗ ಒಂದು ವರ್ಷ ಚಿಲ್ಲರೆ ಆಗಿತ್ತು, ಅಷ್ಟೆ. ಸೇತುವೆ ನಿಂತಿತು. 1987ರ ಏಪ್ರಿಲ್‌ನಲ್ಲಿ ಅದೇ ಹೊಳೆಗೆ ಬಂದದ್ದು ಸುಮಾರು 65,000 ಕ್ಯುಸೆಕ್. ಏಪ್ರಿಲ್ 5ರ ಬೆಳಿಗ್ಗೆ ಮೂರನೇ ಪಿಲ್ಲರ್ ಕುಸಿದು ಎರಡು ಅಂಕಣ, ಅಂದರೆ ಪಿಲ್ಲರ್‌ಗಳ ನಡುವಿನ ಸೇತುವೆ ಭಾಗ, ನೀರಿಗೆ ಬಿದ್ದವು. ನಾಲ್ಕು ಕಾರು, ಒಂದು ದೊಡ್ಡ ಲಾರಿ. ಹತ್ತು ಜನ ಸತ್ತರು.

ಜಾಸ್ತಿ ನೀರಿಗೆ ನಿಂತದ್ದು ಕಡಿಮೆ ನೀರಿಗೆ ಯಾಕೆ ಬಿತ್ತು? ಉತ್ತರ ತನಿಖಾ ವರದಿಗಳಲ್ಲಿ ಇದೆ, ನಾನೇನೂ ಹೊಸದಾಗಿ ಕಂಡುಹಿಡಿದಿಲ್ಲ. ಆದರೆ ಹರಿವಿನ ಅಂಕಿ ಇಟ್ಟುಕೊಂಡು, ಸಾಮಾನ್ಯ ಸೂತ್ರಗಳನ್ನು ಹಾಕಿ, ಆ ಉತ್ತರಕ್ಕೆ ನಾನೇ ಹೋಗಿ ತಲುಪಬಹುದಾ ಅಂತ ನೋಡಬೇಕಿತ್ತು. 2018ರ ಜೂನ್‌ನಲ್ಲಿ ದಕ್ಷಿಣ ಕನ್ನಡದ ಮೂಲರಪಟ್ನ ಸೇತುವೆ ಕುಸಿದಾಗಿನಿಂದ ಇದು ತಲೆಯಲ್ಲಿತ್ತು. ಸ್ಕೋಹ್ಯಾರಿಯನ್ನು ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಅಲ್ಲಿನ ಹರಿವಿನ ದಾಖಲೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತನಿಖೆಯೂ ಸಿವಿಲ್ ಎಂಜಿನಿಯರಿಂಗ್ ತರಗತಿಗಳಲ್ಲಿ ಪಾಠ ಆಗುವಷ್ಟು ವಿವರವಾಗಿ ನಡೆದಿದೆ. ನನ್ನ ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತು ಅಂತ ಗೊತ್ತಾಗುತ್ತದೆ.

ಸಾಮಾನು: ಹಳೆ ಲ್ಯಾಪ್‌ಟಾಪ್, ಪೈಥಾನ್, ಆಮೇಲೆ ಅರ್ಧ ಚೀಲ ಮರಳು. ಮರಳಿನ ಕಥೆ ಕೊನೆಗೆ ಬರುತ್ತದೆ.

ಮೊದಲ ವಾರಾಂತ್ಯ ಪೂರ್ತಿ ಫೈಲ್ ಓದಿಸುವುದರಲ್ಲೇ ಹೋಯಿತು

ಅಮೆರಿಕದ ಭೂವಿಜ್ಞಾನ ಸರ್ವೆ, ಅಂದರೆ ಯುಎಸ್‌ಜಿಎಸ್, ಬರ್ಟನ್ಸ್‌ವಿಲ್ ಎಂಬಲ್ಲಿ ಈ ಹೊಳೆಯ ನೀರು ಅಳೆಯುತ್ತದೆ. ಸೇತುವೆಯಿಂದ ಸ್ವಲ್ಪ ಮೇಲಕ್ಕೆ. ಅಲ್ಲಿಯವರೆಗಿನ ಜಲಾನಯನ ಸುಮಾರು 2,300 ಚದರ ಕಿಲೋಮೀಟರ್. ವರ್ಷಕ್ಕೊಂದು ಅತಿ ಹೆಚ್ಚಿನ ಹರಿವು ಇರುವ ಫೈಲ್ ಒಂದು, ದಿನದ ಸರಾಸರಿ ಹರಿವಿನ ಫೈಲ್ ಒಂದು. ಎರಡನ್ನೂ ಇಳಿಸಿದೆ.

ಟ್ಯಾಬ್ ಹಾಕಿದ ಪಠ್ಯ ಫೈಲ್, ಇದರಲ್ಲೇನು ಕಷ್ಟ ಅಂದುಕೊಂಡೆ. ಮೇಲೆ ಹ್ಯಾಶ್ ಗುರುತಿನ ಟಿಪ್ಪಣಿ ಸಾಲುಗಳು, ಅವನ್ನು ಪಾಂಡಾಸ್ (ಅಂಕಿ ಪಟ್ಟಿ ಓದಿಸುವ ಪೈಥಾನ್ ಸಲಕರಣೆ) ಬಿಟ್ಟುಬಿಡುತ್ತದೆ. ಆಮೇಲೆ ಕಾಲಂ ಹೆಸರುಗಳು. ಅದರ ಕೆಳಗೆ, ಅಂಕಿ ಶುರುವಾಗುವ ಮುಂಚೆ, ಪ್ರತಿ ಕಾಲಂ ಎಷ್ಟು ಅಗಲ ಅಂತ ಹೇಳುವ ಒಂದು ಸಾಲು ಇದೆ. ಅದರಿಂದಾಗಿ ಅಂಕಿಯ ಕಾಲಂ ಎಲ್ಲ ಅಕ್ಷರದ ಕಾಲಂ ಆಗಿಬಿಡುತ್ತದೆ. ಅತಿ ದೊಡ್ಡ ಪ್ರವಾಹ ಯಾವುದು ಅಂತ ಕೇಳಿದರೆ ಒಂಬತ್ತರಿಂದ ಶುರುವಾಗುವ ಯಾವುದೋ ಸಣ್ಣ ಸಂಖ್ಯೆಯನ್ನು ತೋರಿಸಿತು. ಅಕ್ಷರಮಾಲೆಯ ಕ್ರಮದಲ್ಲಿ ಅದೇ ದೊಡ್ಡದು ತಾನೆ! ಆ ಸಾಲು ತೆಗೆದು, ಕಾಲಂ ಅನ್ನು ಸಂಖ್ಯೆ ಮಾಡಿದ ಮೇಲೆ ಸರಿಹೋಯಿತು.

ಎರಡನೇ ಗುಂಡಿ ಇನ್ನೂ ಚೆನ್ನಾಗಿತ್ತು. 1955ರ ಪ್ರವಾಹ ಹುಡುಕಿದೆ, ಸಿಗಲಿಲ್ಲ. 1955ರ ಎದುರು ಬೇರೆಯೇ ಏನೋ ಕೂತಿತ್ತು. ಅರ್ಧ ಗಂಟೆ ಫೈಲೇ ತಪ್ಪು ಅಂತ ಬೈದುಕೊಂಡೆ. ಆಮೇಲೆ ಹೊಳೆಯಿತು. ಅವರ ನೀರಿನ ವರ್ಷ ಅಕ್ಟೋಬರ್ 1ಕ್ಕೆ ಶುರು, ಮರುವರ್ಷದ ಸೆಪ್ಟೆಂಬರ್ 30ಕ್ಕೆ ಮುಗಿತಾಯ. ಅದು ಮುಗಿಯುವ ವರ್ಷದ ಹೆಸರೇ ಅದಕ್ಕೆ. ಹಾಗಾಗಿ 1955ರ ಅಕ್ಟೋಬರ್ 16 ಬರುವುದು 1956ನೇ ನೀರಿನ ವರ್ಷದಲ್ಲಿ. ನಾವು ಮುಂಗಾರು ಲೆಕ್ಕ ಹಿಡಿದು ಜೂನ್‌ನಿಂದ ಎಣಿಸುವ ಹಾಗೆ ಅವರಿಗೆ ಅಕ್ಟೋಬರ್.

ಇನ್ನು ಘಟಕ. ಕಾವೇರಿ ಸುದ್ದಿ ಕೇಳಿಕೊಂಡೇ ಬೆಳೆದ ನಮಗೆ ಕ್ಯುಸೆಕ್ ಹೊಸದಲ್ಲ, ಅದು ಸೆಕೆಂಡಿಗೆ ಇಷ್ಟು ಘನ ಅಡಿ. ಆದರೆ ಸೂತ್ರಗಳನ್ನೆಲ್ಲ ಮೀಟರ್‌ನಲ್ಲಿ ಬರೆದಿಟ್ಟಿದ್ದೆ. ಒಂದು ಕಡೆ ಪರಿವರ್ತನೆ ಹಾಕುವುದು ಮರೆತು ಹೊಳೆಯಲ್ಲಿ ಸೆಕೆಂಡಿಗೆ 65,000 ಘನ ಮೀಟರ್ ಹರಿಸಿಬಿಟ್ಟೆ. ಬಂದ ವೇಗ ನೋಡಿ ನಗು ಬಂತು. 0.0283ರಿಂದ ಗುಣಿಸಿದರೆ 65,000 ಕ್ಯುಸೆಕ್ ಅಂದರೆ ಸುಮಾರು 1,840 ಘನ ಮೀಟರ್, 76,500 ಅಂದರೆ ಸುಮಾರು 2,170. ಸೇತುವೆಯ ಹತ್ತಿರ ಅಂದಿನ ಹರಿವನ್ನು 63,000 ಕ್ಯುಸೆಕ್ ಆಸುಪಾಸು ಅಂತ ಅಂದಾಜು ಮಾಡಿದ್ದಾರೆ, ಅದು ಸುಮಾರು 1,780 ಘನ ಮೀಟರ್. ಮುಂದಿನ ಲೆಕ್ಕಕ್ಕೆಲ್ಲ ಇದನ್ನೇ ಹಿಡಿದೆ.

ದಿನದ ಸರಾಸರಿ ಫೈಲ್ ಅನ್ನು ಪಕ್ಕಕ್ಕಿಟ್ಟೆ. ಇಂಥ ಬೆಟ್ಟದ ಹೊಳೆ ಕೆಲವೇ ಗಂಟೆಗಳಲ್ಲಿ ಏರಿ ಇಳಿಯುತ್ತದೆ. 24 ಗಂಟೆಯ ಸರಾಸರಿ ತೆಗೆದರೆ ತುದಿ ಮೊಂಡಾಗುತ್ತದೆ, ಸೇತುವೆಗೆ ಪೆಟ್ಟು ಕೊಡುವುದು ಆ ತುದಿಯೇ. ಸರಾಸರಿ ಅಂಕಿ ಇಟ್ಟುಕೊಂಡು ಸೇತುವೆ ಬಿದ್ದದ್ದರ ವಿಶ್ಲೇಷಣೆ ಮಾಡಿದವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಎಷ್ಟು ವರ್ಷಕ್ಕೊಮ್ಮೆ ಬರುವ ನೆರೆ?

1987ರದ್ದು ಸುಮಾರು 50 ವರ್ಷಕ್ಕೊಮ್ಮೆ ಬರುವಂಥದ್ದು ಅಂತ ವರದಿಗಳು ಹೇಳುತ್ತವೆ. ಸುಮಾರು 150 ಮಿಲಿಮೀಟರ್ ಮಳೆ, ಜೊತೆಗೆ ಕರಗಿದ ಹಿಮ. 1955ರದ್ದನ್ನು ನೂರು ವರ್ಷದ ನೆರೆಗೆ ಹತ್ತಿರ ಅಂದಿದ್ದಾರೆ.

ಈ ಮಾತಿನ ಮೇಲೆ ನನಗೆ ಮೊದಲಿಂದಲೂ ಅಷ್ಟು ನಂಬಿಕೆ ಇಲ್ಲ. ತೀರಾ ಸರಳ ವಿಧಾನ ತೆಗೆದುಕೊಳ್ಳಿ. ಪ್ರವಾಹಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ, ಒಟ್ಟು ವರ್ಷಕ್ಕೆ ಒಂದು ಕೂಡಿಸಿ, ಸ್ಥಾನದಿಂದ ಭಾಗಿಸಬೇಕು. 1987ರ ಹೊತ್ತಿಗೆ ಸುಮಾರು 48 ವರ್ಷದ ದಾಖಲೆ ಇತ್ತು, 1955ರದ್ದು ಒಂದನೇ ಸ್ಥಾನ. ಲೆಕ್ಕಕ್ಕೆ 49 ವರ್ಷ ಬರುತ್ತದೆ. ದಾಖಲೆಯೇ ಅಷ್ಟು ಚಿಕ್ಕದಿದ್ದಾಗ ಈ ವಿಧಾನ ಅದಕ್ಕಿಂತ ಜಾಸ್ತಿ ಹೇಳಲಾರದು. ನೂರು ಬೇಕಾದರೆ ಅಂಕಿಗಳಿಗೆ ಗಂಬೆಲ್ ಅಥವಾ ಲಾಗ್ ಪಿಯರ್ಸನ್ ಎಂಬ ಸಂಭವನೀಯತೆಯ ರೇಖೆ ಎಳೆದು ಅದನ್ನು ಮುಂದಕ್ಕೆ ಚಾಚಬೇಕು.

ಚಾಚಿ ನೋಡಿದೆ. ಒಂದು ಸಲ 1986ರವರೆಗಿನ ಅಂಕಿ ಮಾತ್ರ ಇಟ್ಟುಕೊಂಡು, ಇನ್ನೊಂದು ಸಲ ಇವತ್ತಿನವರೆಗಿನದ್ದು. ಎರಡನೇ ಸಲ 2011ರ ಆಗಸ್ಟ್‌ನ ಇರೀನ್ ಚಂಡಮಾರುತದ ನೆರೆಯೂ ಸೇರುತ್ತದೆ, ಅದು 1,28,000 ಕ್ಯುಸೆಕ್. 1955ರದ್ದನ್ನು ಎಲ್ಲೋ ಹಿಂದೆ ಹಾಕಿತು. ಅದು ಸೇರಿದ ಕೂಡಲೇ ರೇಖೆ ಮೇಲಕ್ಕೆ ಬಾಗುತ್ತದೆ, 1987ರ ಅದೇ 65,000 ಕ್ಯುಸೆಕ್ ಇದ್ದಕ್ಕಿದ್ದಂತೆ ಅಷ್ಟೇನೂ ಅಪರೂಪ ಅಲ್ಲದ ನೆರೆ ಆಗಿಬಿಡುತ್ತದೆ. ನೀರು ಅದೇ, ಸೇತುವೆ ಅದೇ, ಬದಲಾದದ್ದು ನಮ್ಮ ಪಟ್ಟಿ ಮಾತ್ರ. ಹೊಳೆಯ ಮೇಲ್ಭಾಗದಲ್ಲಿ ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರು ಕೊಡುವ ಜಲಾಶಯ ಬೇರೆ ಇದೆ, ಅಂದರೆ ಹರಿವು ಪೂರ್ತಿ ಸಹಜವೂ ಅಲ್ಲ. ಎಷ್ಟು ವರ್ಷಕ್ಕೊಮ್ಮೆ ಅನ್ನುವುದನ್ನು ಅಲ್ಲಿಗೆ ಕೈಬಿಟ್ಟೆ. ಸೇತುವೆ ಯಾಕೆ ಬಿತ್ತು ಅನ್ನುವುದಕ್ಕೆ ಅದು ಉತ್ತರ ಕೊಡುವುದೂ ಇಲ್ಲ.

ಕೊರೆತದ ಸೂತ್ರ: ಬಂದದ್ದು 11 ಮೀಟರ್!

ಸೇತುವೆಯನ್ನು ನೀರು ದೂಡಿ ಬೀಳಿಸಿದ್ದಲ್ಲ. ಪಿಲ್ಲರ್ ಬುಡದ ಮಣ್ಣನ್ನು ಕೊರೆದು ಬೀಳಿಸಿದ್ದು. ಮೂರನೇ ಪಿಲ್ಲರ್‌ನ ಫೂಟಿಂಗ್ ಅಡಿಯಲ್ಲಿ, ನೀರು ಬಂದು ಬಡಿಯುವ ತುದಿಯಿಂದ ಸುಮಾರು ಏಳೂವರೆಯಿಂದ ಒಂಬತ್ತು ಮೀಟರ್ ಉದ್ದಕ್ಕೆ ಮಣ್ಣೇ ಇರಲಿಲ್ಲ, ಗುಂಡಿಯ ಆಳ ಸುಮಾರು 3 ಮೀಟರ್. ಫೂಟಿಂಗ್ ಅಂದರೆ ಸುಮಾರು 25 ಮೀಟರ್ ಉದ್ದ, ಐದೂವರೆ ಮೀಟರ್ ಆಸುಪಾಸು ಅಗಲ, ಒಂದೂವರೆ ಮೀಟರ್ ದಪ್ಪದ ಕಾಂಕ್ರೀಟ್ ಹಾಸು. ಕೆಳಗೆ ಪೈಲ್, ಅಂದರೆ ನೆಲದಾಳಕ್ಕೆ ಇಳಿಸಿದ ಕಂಬ ಇಲ್ಲ, ನೇರವಾಗಿ ಹೊಳೆಯ ತಳದ ಮಣ್ಣಿನ ಮೇಲೆ ಕೂತದ್ದು. ಅಂಕಣಗಳೂ ಒಂದಕ್ಕೊಂದು ಬೆಸೆದವಲ್ಲ, ಪಿಲ್ಲರ್ ಮೇಲೆ ಸುಮ್ನೆ ಕೂತವು. ಪಿಲ್ಲರ್ ಹೋದರೆ ಹಿಡಿದುಕೊಳ್ಳಲು ಏನೂ ಇಲ್ಲ.

ಕೊರೆತದ ಆಳ ಲೆಕ್ಕ ಹಾಕಲು ಅಮೆರಿಕದ ಹೆದ್ದಾರಿ ಇಲಾಖೆಯ ಕೈಪಿಡಿಯಲ್ಲಿ ಒಂದು ಪ್ರಸಿದ್ಧ ಸೂತ್ರ ಇದೆ, ಎಚ್‌ಇಸಿ 18 ಅನ್ನುತ್ತಾರೆ. ಆ ಕೈಪಿಡಿ ಬಂದದ್ದೇ ಈ ಸೇತುವೆ ಬಿದ್ದ ಮೇಲೆ. ಪಿಲ್ಲರ್ ಅಗಲ, ನೀರಿನ ಆಳ, ವೇಗ ಕೊಟ್ಟರೆ ಗುಂಡಿಯ ಆಳ ಬರುತ್ತದೆ. ವೇಗಕ್ಕೆ ತನಿಖೆಯ ಒಂದು ಅಂದಾಜು ಸೆಕೆಂಡಿಗೆ 4.6 ಮೀಟರ್. ನೀರಿನ ಆಳ 6 ಮೀಟರ್ ಅಂತ ನಾನು ಇಟ್ಟುಕೊಂಡೆ. ಅಗಲಕ್ಕೆ ಫೂಟಿಂಗ್‌ನ 5.5 ಮೀಟರ್. ಗುಣಕಗಳು: ಪಿಲ್ಲರ್‌ನ ಚೌಕ ಮೂತಿಗೆ 1.1, ತಳದ ಸ್ಥಿತಿಗೆ 1.1.

ಉತ್ತರ: 11 ಮೀಟರ್.

ನಿಜವಾಗಿ ಆದದ್ದು 3. ಮೂರೂವರೆ ಪಟ್ಟು ಜಾಸ್ತಿ! ಮೊದಲು ಮತ್ತೆ ಘಟಕ ತಪ್ಪಿದೆ ಅಂದುಕೊಂಡು ಕಾಗದದ ಮೇಲೆ ಕೈಯಲ್ಲೇ ಮಾಡಿದೆ. ಅದೇ ಬಂತು. ಅಗಲವನ್ನು 2 ಮೀಟರ್‌ಗೆ ಇಳಿಸಿದೆ, ನೀರಿಗೆ ಮೊದಲು ಸಿಗುವುದು ಫೂಟಿಂಗ್ ಅಲ್ಲವಲ್ಲ, ಮೇಲಿನ ಭಾಗ. ಆಗ 5.7 ಮೀಟರ್. ವೇಗವನ್ನೂ 3.3ಕ್ಕೆ ಇಳಿಸಿದರೆ ಸುಮಾರು 5. ಏನು ಮಾಡಿದರೂ ಮೂರಕ್ಕೆ ಬರಲಿಲ್ಲ.

ವೇಗದ ಬಗ್ಗೆ ಒಂದು ಮಾತು. 4.6 ಎಲ್ಲಿ, 3.3 ಎಲ್ಲಿ, ಇಷ್ಟು ವ್ಯತ್ಯಾಸ ಯಾಕೆ ಅಂತ ಅನಿಸಬಹುದು. ಹರಿವು ಗೊತ್ತಿದ್ದ ಮಾತ್ರಕ್ಕೆ ವೇಗ ಗೊತ್ತಾಗುವುದಿಲ್ಲ. ಈ ಸೇತುವೆ ಇದ್ದದ್ದು ಹೊಳೆ ಮೊಹಾಕ್ ನದಿಗೆ ಸೇರುವ ಜಾಗಕ್ಕೆ ಹತ್ತಿರ. ಕೆಳಗಿನ ನದಿ ತುಂಬಿದ್ದರೆ ಹೊಳೆ ನೀರು ಹಿಂದಕ್ಕೆ ಒತ್ತಿ ನಿಲ್ಲುತ್ತದೆ, ಆಳ ಏರುತ್ತದೆ, ವೇಗ ತಗ್ಗುತ್ತದೆ. ನದಿ ತಗ್ಗಿದ್ದರೆ ಅಷ್ಟೇ ಹರಿವು ಬುಸುಗುಡುತ್ತ ಓಡುತ್ತದೆ. ಹೊಳೆ ಅಂಕಿ ಮಾತ್ರ ನೋಡಿ 1955 ಕೆಟ್ಟದ್ದು, 1987 ಪರವಾಗಿಲ್ಲ ಅಂತ ಹೇಳುವುದು ಇದರಿಂದಲೇ ತಪ್ಪಾಗುತ್ತದೆ. ಪಿಲ್ಲರ್ ಬುಡಕ್ಕೆ ಗೊತ್ತಾಗುವುದು ವೇಗ ಮಾತ್ರ, ಕ್ಯುಸೆಕ್ ಅಲ್ಲ.

ಸರಿ, ಮೂರಕ್ಕೆ ಯಾಕೆ ಬರಲಿಲ್ಲ? ಸೂತ್ರ ಮರಳಿನ ತಳಕ್ಕೆ ಮಾಡಿದ್ದು. ಅಲ್ಲಿದ್ದದ್ದು ಹಿಮನದಿ ಬಿಟ್ಟುಹೋದ ಮಣ್ಣು: ಜೇಡಿ, ಮರಳು, ಕಲ್ಲು ಎಲ್ಲ ಬೆರೆತು ಮಂಜುಗಡ್ಡೆಯ ಭಾರಕ್ಕೆ ಗಟ್ಟಿ ಕೂತದ್ದು. ಅದೂ ಕೊರೆದು ಹೋಗುತ್ತದೆ, ಆದರೆ ನಿಧಾನಕ್ಕೆ. ಸೂತ್ರಕ್ಕೆ ಕಾಲದ ಪರಿವೆಯೇ ಇಲ್ಲ. ಎಷ್ಟೇ ಹೊತ್ತಾದರೂ ಕೊನೆಗೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದನ್ನಷ್ಟೇ ಹೇಳುತ್ತದೆ. ಇಲ್ಲಿಗೆ ನನಗೆ ದಾರಿ ಸಿಕ್ಕಿತು. ಒಂದು ದಿನದ ನೆರೆ ಬಿಟ್ಟು 1954ರಿಂದ 1987ರವರೆಗೆ ಬಂದ ಎಲ್ಲ ನೆರೆಗಳನ್ನೂ ಕೂಡಿಸಬೇಕು.

ಕಲ್ಲುಗಳ ಲೆಕ್ಕ

ಬರೀ ಮಣ್ಣಿನ ಮೇಲೆ ಫೂಟಿಂಗ್ ಕೂರಿಸಿ ಬಿಟ್ಟಿರಲಿಲ್ಲ. ಸುತ್ತ ದಪ್ಪ ಕಲ್ಲು ಸುರಿದಿದ್ದರು, ನೀರು ಬುಡಕ್ಕೆ ಮುಟ್ಟದಿರಲಿ ಅಂತ. ಅರ್ಧದಷ್ಟು ಕಲ್ಲುಗಳಾದರೂ 300 ಪೌಂಡ್‌ಗಿಂತ ಭಾರ ಇರಬೇಕು ಅಂತ ನಿಗದಿ ಮಾಡಿದ್ದರು, ಅಂದರೆ ಸುಮಾರು 136 ಕಿಲೋ. ಕಲ್ಲು ಎಷ್ಟು ವೇಗಕ್ಕೆ ಜರುಗುತ್ತದೆ ಅನ್ನುವುದಕ್ಕೆ ಇಸ್ಬಾಶ್ ಸೂತ್ರ ಇದೆ. ಒಂದೇ ಸಾಲಿನದ್ದು, ವೇಗದ ವರ್ಗಕ್ಕೆ ತಕ್ಕಂತೆ ಕಲ್ಲಿನ ಗಾತ್ರ ಏರುತ್ತದೆ. ಚೌಕ ಪಿಲ್ಲರ್ ಪಕ್ಕದಲ್ಲಿ ನೀರು ಇನ್ನೂ ಜೋರಾಗುವುದರಿಂದ ವೇಗವನ್ನು 1.7ರಿಂದ ಗುಣಿಸಿಕೊಳ್ಳಬೇಕು.

136 ಕಿಲೋ ಕಲ್ಲನ್ನು ಉಂಡೆ ಅಂದುಕೊಂಡರೆ ಅಡ್ಡಳತೆ 46 ಸೆಂಟಿಮೀಟರ್. ಅದು ತಡೆಯುವುದು ಸೆಕೆಂಡಿಗೆ 2.7 ಮೀಟರ್‌ವರೆಗೆ. ವೇಗ 3.3 ಆದರೆ 67 ಸೆಂಟಿಮೀಟರ್ ಕಲ್ಲು ಬೇಕು, ತೂಕ 420 ಕಿಲೋ ಚಿಲ್ಲರೆ. 4.6 ಆದರೆ ಮೂರು ಟನ್ನಿನ ಬಂಡೆಯೇ ಬೇಕು!

ತನಿಖೆ ಮಾಡಿದವರು ಹೇಳಿದ್ದು 1,000ದಿಂದ 1,500 ಪೌಂಡ್, ಅಂದರೆ 450ರಿಂದ 680 ಕಿಲೋ ಕಲ್ಲು ಬೇಕಿತ್ತು ಅಂತ. ನನ್ನ 420 ಅದರ ಪಕ್ಕದಲ್ಲೇ ಬಂದು ಕೂತಿತು. ಇಡೀ ಕೆಲಸದಲ್ಲಿ ನಾನು ಕುರ್ಚಿಯಿಂದ ಎದ್ದು ಓಡಾಡಿದ್ದು ಆಗ ಒಂದೇ ಸಲ. ವೇಗ 3.3ರ ಹತ್ತಿರ ಇದ್ದಿರಬೇಕು ಅನ್ನುವ ಕಡೆಗೆ ನಾನು ವಾಲಿದ್ದೂ ಅದಕ್ಕೇ.

ಈಗ ಅದನ್ನೇ ತಿರುಗಿಸಿದೆ. 1,780 ಘನ ಮೀಟರ್ ಹರಿವಿಗೆ 3.3 ವೇಗ ಅಂತಾದರೆ ಮತ್ತು ವೇಗ ಹರಿವಿನ 0.4ನೇ ಘಾತದಂತೆ ಏರುತ್ತದೆ ಅಂದುಕೊಂಡರೆ, 2.7 ವೇಗ ಬರುವುದು ಸುಮಾರು 1,100 ಘನ ಮೀಟರ್‌ಗೆ. ಅಂದರೆ 39,000 ಕ್ಯುಸೆಕ್. ಇದಕ್ಕಿಂತ ಮೇಲೆ ಹೋದ ಪ್ರತಿ ನೆರೆಯೂ ಕಲ್ಲುಗಳನ್ನು ಒಂದಿಷ್ಟು ಉರುಳಿಸಿರಬೇಕು. 1955ರದ್ದು ಇದನ್ನು ದುಪ್ಪಟ್ಟಿನಷ್ಟು ದಾಟಿತ್ತು. ಸೇತುವೆ ಅವತ್ತು ನಿಂತಿತು ನಿಜ. ಆದರೆ ಬುಡದ ಕಲ್ಲು ಹೊಸದಾಗಿ ಸುರಿದದ್ದು, ಅದನ್ನು ತೆತ್ತು ಪಿಲ್ಲರ್ ಉಳಿಯಿತು ಅನ್ನುವುದು ಸರಿ. ಮುಂದಿನ 32 ವರ್ಷ ಉಳಿದ ಕಲ್ಲುಗಳ ಮೇಲೆ ನಡೆಯಿತು.

ಈ 1,100 ಎಷ್ಟು ಗಟ್ಟಿ ಅಂತ ಕೇಳಬೇಡಿ. 1,780ಕ್ಕೆ 4.6 ವೇಗ ಅಂತ ಹಾಕಿದರೆ ಗಡಿ 480 ಘನ ಮೀಟರ್ ಆಸುಪಾಸಿಗೆ ಇಳಿಯುತ್ತದೆ, ಅದು 17,000 ಕ್ಯುಸೆಕ್. ಆಗ ಪಟ್ಟಿಯಲ್ಲಿ ಅದನ್ನು ದಾಟುವ ವರ್ಷಗಳು ಬೇಕಾದಷ್ಟು. ಎರಡು ಗಡಿಗೂ ಗ್ರಾಫ್ ಎಳೆದೆ. ಗಡಿ ಮೀರಿದ ಹರಿವನ್ನು ವರ್ಷ ವರ್ಷ ಕೂಡಿಸುತ್ತ ಹೋಗುವ ಗೆರೆ. ಮೆಟ್ಟಿಲಿನ ಹಾಗೆ ಏರುತ್ತದೆ. ಯಾವ ಗಡಿ ಇಟ್ಟರೂ ಒಂದು ವಿಷಯ ಬದಲಾಗುವುದಿಲ್ಲ: 1955ರಲ್ಲಿ ಆ ಗೆರೆ ಬುಡದಲ್ಲಿದೆ, 1987ರಲ್ಲಿ ಮೇಲಿದೆ. ವರ್ಷದ ಅತಿ ಹೆಚ್ಚಿನ ಹರಿವಿನ ಗ್ರಾಫ್ ನೋಡಿದರೆ 1987 ಎರಡನೇ ಮಟ್ಟದ ಪೆಟ್ಟು, ಈ ಗ್ರಾಫ್ ನೋಡಿದರೆ ಕೊನೆಯ ಪೆಟ್ಟು.

ಆ ಮೆಟ್ಟಿಲು ಸೊನ್ನೆಗೆ ಇಳಿಯಬೇಕಾದ ಜಾಗ ಒಂದಿತ್ತು, ಕಲ್ಲು ಮತ್ತೆ ಸುರಿದಾಗ. 1977ರ ದುರಸ್ತಿ ಯೋಜನೆಯಲ್ಲಿ ಹೊಸ ಕಲ್ಲು ಸುರಿಯುವ ಕೆಲಸ ಇತ್ತು. ಆಮೇಲೆ ಅದನ್ನು ಗುತ್ತಿಗೆಯಿಂದ ತೆಗೆದುಹಾಕಿದರು. ಕೋಡ್‌ನಲ್ಲಿ ಆ ವರ್ಷಕ್ಕೆ ಸೊನ್ನೆ ಹಾಕಿ ಓಡಿಸಿದೆ. ಗೆರೆ ದೊಪ್ಪನೆ ಕೆಳಗೆ ಬಿದ್ದು, 1987ರಲ್ಲೂ ತಗ್ಗಿನಲ್ಲೇ ಉಳಿಯುತ್ತದೆ. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ಕಾರಣ ಅಂತ ಬರೆದದ್ದೂ ಇದನ್ನೇ: ಪಿಲ್ಲರ್ ಸುತ್ತ ಸಾಕಷ್ಟು ಕಲ್ಲು ಉಳಿಸಿಕೊಳ್ಳಲಿಲ್ಲ. ಸೇತುವೆಯ ಮೇಲ್ಭಾಗದ ತಪಾಸಣೆ ನಡೆಯುತ್ತಲೇ ಇತ್ತು, ನೀರಿನೊಳಗೆ ಇಳಿದು ಬುಡ ನೋಡಿದವರಿಲ್ಲ.

ಟೆರೇಸ್ ಮೇಲೆ

ಲೆಕ್ಕ ಸರಿ, ಆದರೆ ಗಟ್ಟಿ ಮಣ್ಣು ನಿಜವಾಗಿ ಹಾಗೆ ಕಂತಿನಲ್ಲಿ ಹೋಗುತ್ತದಾ? ಮೂರನೇ ವಾರಾಂತ್ಯ ಆರು ಇಂಚಿನ ಪಿವಿಸಿ ಪೈಪ್ ಅನ್ನು ಉದ್ದಕ್ಕೆ ಸೀಳಿಸಿಕೊಂಡು ಬಂದೆ. ಎರಡು ಮೀಟರ್ ಉದ್ದ. ಕೂಲರ್ ಪಂಪ್ ಒಂದು, ಬಕೆಟ್ ಎರಡು, ಪಿಲ್ಲರ್ ಬದಲು ಮರದ ತುಂಡು. ಅಮ್ಮ ಬಟ್ಟೆ ಒಣಗಿಸಲು ಬಂದವಳು ನೋಡಿ, "ಮಳೆ ನೀರು ಹೋಗೋ ಕಿಂಡಿಗೆ ಮರಳು ತುಂಬ್ಕೊಂಡ್ರೆ ನೀನೇ ತೆಗೀಬೇಕು ಕಣೋ" ಅಂದಳು. ತುಂಬಿಕೊಂಡಿತು. ನಾನೇ ತೆಗೆದೆ.

ಮೊದಲು ಬರೀ ಮರಳು. ಪಂಪ್ ಹಾಕಿ ಎರಡು ನಿಮಿಷದಲ್ಲಿ ತುಂಡಿನ ಮುಂದೆ ಗುಂಡಿ. ನೀರು ಎದುರು ಬಡಿದು ಕೆಳಕ್ಕೆ ಇಳಿದು, ಸುತ್ತಿಕೊಂಡು ಎರಡೂ ಪಕ್ಕ ಕುದುರೆ ಲಾಳದ ಹಾಗೆ ಹರಿಯುವುದು ಮರಳಿನ ಕಣ ನೋಡಿದರೆ ಚೆನ್ನಾಗಿ ಕಾಣುತ್ತದೆ. ಗುಂಡಿ ಮುಂದೆ, ಗುಡ್ಡೆ ಹಿಂದೆ. ಪಂಪ್ ವೇಗ ಮೆಲ್ಲಗೆ ತಗ್ಗಿಸಿದರೆ ಮೇಲಿಂದ ಬರುವ ಮರಳು ಗುಂಡಿಯನ್ನು ಅರ್ಧ ಮುಚ್ಚಿಬಿಡುತ್ತದೆ. ನೆರೆ ಇಳಿದ ಮೇಲೆ ಹೋಗಿ ನೋಡಿದವರಿಗೆ ತಳ ಸಮ ಕಾಣುವುದು ಹೀಗೆ. ಗುಂಡಿಯ ನಿಜವಾದ ಆಳ ಇದ್ದದ್ದು ನೀರು ಉಕ್ಕುವಾಗ, ಆಗ ಯಾರೂ ಹತ್ತಿರ ಹೋಗುವ ಹಾಗಿಲ್ಲ.

ಆಮೇಲೆ ಹುತ್ತದ ಮಣ್ಣು, ಮರಳು, ಸಣ್ಣ ಜೆಲ್ಲಿ ಬೆರೆಸಿ, ಒದ್ದೆ ಮಾಡಿ, ದಮ್ಮಸು ಹಾಕಿ ಎರಡು ದಿನ ಬಿಟ್ಟೆ. ಅದೇ ಪಂಪ್, ಅದೇ ತುಂಡು. ಇಪ್ಪತ್ತು ನಿಮಿಷ ಓಡಿಸಿದರೂ ಮೊದಲ ಸಲ ಏನೂ ಆಗಲಿಲ್ಲ. ನೀರು ಸ್ವಲ್ಪ ಕೆಂಪಾಯಿತು, ಅಷ್ಟೆ. ಮೂರನೇ ಸಲಕ್ಕೆ ತುಂಡಿನ ಮೂಲೆಯಲ್ಲಿ ಒಂದು ಗೀರು. ಆರನೇ ಸಲಕ್ಕೆ ಬೆರಳು ಹೋಗುವಷ್ಟು ಗುಂಡಿ, ಅಂಚು ಕಡಿದಾದದ್ದು, ಪಂಪ್ ನಿಲ್ಲಿಸಿದರೂ ಮುಚ್ಚಿಕೊಳ್ಳಲಿಲ್ಲ. ಹಾಗೇ ಉಳಿದು ಮುಂದಿನ ಸಲಕ್ಕೆ ಕಾಯುತ್ತದೆ. ಏಳನೇ ಸಲ ಬೇಕಂತಲೇ ಪಂಪ್ ಅನ್ನು ಒಂದು ಹಂತ ತಗ್ಗಿಸಿ ಓಡಿಸಿದೆ. ತುಂಡು ವಾಲಿತು, ನೀರು ಬರುವ ಕಡೆಗೇ ಮುಖ ಹಾಕಿ. ಮೊದಲ ಆರು ಸಲಕ್ಕಿಂತ ಕಡಿಮೆ ನೀರಿಗೆ!

ಇದು ಪ್ರಯೋಗಾಲಯದ ಕೆಲಸ ಅಲ್ಲ, ಅಳತೆ ಪ್ರಮಾಣ ಯಾವುದೂ ಸರಿಯಾಗಿಲ್ಲ, ಹುತ್ತದ ಮಣ್ಣಿಗೂ ಹಿಮನದಿಯ ಮಣ್ಣಿಗೂ ನಂಟು ಕಟ್ಟಿದ್ದು ನಾನು. ಇನ್ನೊಂದು ಸಲ ಮಾಡುವಾಗ ತುಂಡಿನ ಸುತ್ತ ಜೆಲ್ಲಿ ಹಾಸಿ, ಪ್ರತಿ ಸಲ ಎಷ್ಟು ಜೆಲ್ಲಿ ಉರುಳಿ ಹೋಯಿತು ಅಂತ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಒಂದು ಸಾಲು ಮಾತ್ರ ನನ್ನ ಗ್ರಾಫ್‌ಗೆ ಎಲ್ಲೂ ಹೊಂದುತ್ತಿಲ್ಲ. ಹೆದ್ದಾರಿ ಸೇತುವೆ ಬಿದ್ದ ಆರು ದಿನಕ್ಕೆ, ಅದೇ ಹೊಳೆಯಲ್ಲಿ ಸುಮಾರು ಐದು ಕಿಲೋಮೀಟರ್ ಮೇಲಿನ ಮಿಲ್ ಪಾಯಿಂಟ್ ಸೇತುವೆಯ ದೊಡ್ಡ ಭಾಗ ಬಿತ್ತು. ನೆರೆಯ ತುದಿ ದಾಟಿ ಹೋಗಿ ಆರು ದಿನ. ಅದರ ಬುಡವೂ ಕೊರೆದಿದೆ ಅಂತ ಮೊದಲೇ ಗೊತ್ತಾಗಿ ಓಡಾಟ ನಿಲ್ಲಿಸಿದ್ದರು, ಹಾಗಾಗಿ ಅದರ ಮೇಲೆ ಯಾರೂ ಇರಲಿಲ್ಲ. ನನ್ನ ಪಟ್ಟಿಯಲ್ಲಿ ವರ್ಷಕ್ಕೊಂದೇ ತುದಿ ಇರುವುದರಿಂದ ಈ ಆರು ದಿನಕ್ಕೆ ಜಾಗವೇ ಇಲ್ಲ. ಪಕ್ಕಕ್ಕಿಟ್ಟಿದ್ದ ದಿನದ ಸರಾಸರಿ ಫೈಲ್ ಅನ್ನು ನಿನ್ನೆ ರಾತ್ರಿ ಮತ್ತೆ ತೆರೆದಿದ್ದೇನೆ.